ಎಂಎಸ್-20 ಸಿಂಥಸೈಜರ್: ನಾದವನ್ನು ಕಿವಿಯಿಂದ ಅರಿಯುವ ಕ್ರಮ

ವಿದ್ಯುತ್ ಅಲೆಗಳಿಂದ ನಾದ ಹುಟ್ಟಿಸುವ ವಾದ್ಯವಾದ, ಕಾರ್ಗ್ ಕಂಪನಿಯ ಎಂಎಸ್-20 ಅನಲಾಗ್ ಸಿಂಥಸೈಜರ್‌ನ ಮುಂದೆ ಮೊದಲ ಸಲ ಕುಳಿತವರ ಕಣ್ಣು ಎಡಬದಿಯ ನಾಬ್‌ಗಳನ್ನು ದಾಟಿ ನೇರವಾಗಿ ಬಲಬದಿಯ ಪ್ಯಾಚ್ ಪ್ಯಾನೆಲ್‌ಗೆ ಹೋಗುತ್ತದೆ. ಅಲ್ಲಿ ಸಾಲುಸಾಲಾಗಿ ಜಾಕ್‌ಗಳಿವೆ, ಅವುಗಳ ನಡುವೆ ಒಳಗಿನ ಜೋಡಣೆಯ ನಕ್ಷೆ ಬಿಳಿ ಗೆರೆಗಳಲ್ಲಿ ಅಚ್ಚಾಗಿದೆ, ಪಕ್ಕದಲ್ಲಿ ಒಂದು ಹಿಡಿ ಕೇಬಲ್‌ಗಳಿವೆ; ಕೈ ತಾನಾಗಿಯೇ ಅತ್ತ ಚಾಚುತ್ತದೆ. ಆ ಕೈಯನ್ನು ಕೆಲವು ದಿನಗಳ ಮಟ್ಟಿಗಾದರೂ ತಡೆದುಕೊಳ್ಳಬೇಕು ಎಂಬುದು ಈ ವಾದ್ಯದೊಂದಿಗೆ ಬಹಳ ಹೊತ್ತು ಕಳೆದ ನನ್ನ ಖಚಿತವಾದ ಅಭಿಪ್ರಾಯ. ಎಂಎಸ್-20ರ ನಾದದ ಬಹುಪಾಲು ಅದರ ಎರಡು ಫಿಲ್ಟರ್‌ಗಳಲ್ಲಿ, ಅಂದರೆ ನಾದದ ಕೆಲವು ಭಾಗಗಳನ್ನು ಹಾಯಲು ಬಿಟ್ಟು ಕೆಲವನ್ನು ತಡೆಯುವ ಜರಡಿಗಳಲ್ಲಿ, ಅಡಗಿದೆ, ಮತ್ತು ಆ ಫಿಲ್ಟರ್‌ಗಳನ್ನು ಪರಿಚಯ ಮಾಡಿಕೊಳ್ಳಲು ಒಂದು ಕೇಬಲ್ಲೂ ಬೇಕಿಲ್ಲ.

ಈ ವಾದ್ಯ ಮಾರುಕಟ್ಟೆಗೆ ಬಂದದ್ದು 1978ರಲ್ಲಿ, ಜಪಾನಿನಿಂದ. 37 ಕೀಲಿಗಳ, ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಈ ಯಂತ್ರವನ್ನು 2013ರಲ್ಲಿ ಅದೇ ಕಂಪನಿ ಮೂಲ ಗಾತ್ರದ ಶೇಕಡಾ 86ಕ್ಕೆ ಇಳಿಸಿ 'ಎಂಎಸ್-20 ಮಿನಿ' ಎಂಬ ಹೆಸರಿನಲ್ಲಿ ಮತ್ತೆ ತಯಾರಿಸಿತು. ಮೂಲ ವಾದ್ಯದಲ್ಲಿ ಗಿಟಾರ್‌ಗೆ ಬಳಸುವ ದಪ್ಪ ಜಾಕ್‌ಗಳಿದ್ದರೆ ಮಿನಿಯಲ್ಲಿ 3.5 ಮಿಲಿಮೀಟರಿನ ಸಣ್ಣ ಜಾಕ್‌ಗಳಿವೆ, ಜೊತೆಗೆ ಮಿಡಿ ಮತ್ತು ಯುಎಸ್‌ಬಿ ಸಂಪರ್ಕವಿದೆ. ಇಲ್ಲಿ ಹೇಳುವ ಎಲ್ಲವೂ ಎರಡಕ್ಕೂ ಅನ್ವಯಿಸುತ್ತದೆ.

'ಸೆಮಿ-ಮಾಡ್ಯುಲರ್' ಎಂಬ ಮಾತಿನ ಅರ್ಥವನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳುವುದು ಒಳ್ಳೆಯದು. ಪೂರ್ಣ ಮಾಡ್ಯುಲರ್ ಯಂತ್ರದಲ್ಲಿ ಕೇಬಲ್ ಹಾಕದೆ ಯಾವ ಶಬ್ದವೂ ಹೊರಡುವುದಿಲ್ಲ. ಎಂಎಸ್-20ರಲ್ಲಿ ಅಲೆ ಹುಟ್ಟಿಸುವ ಆಸಿಲೇಟರ್‌ಗಳಿಂದ ಮಿಕ್ಸರ್, ಅಲ್ಲಿಂದ ತಗ್ಗಿನ ಕಂಪನಗಳನ್ನು ತಡೆಯುವ ಹೈಪಾಸ್ ಫಿಲ್ಟರ್, ಆಮೇಲೆ ಎತ್ತರದವನ್ನು ತಡೆಯುವ ಲೋಪಾಸ್ ಫಿಲ್ಟರ್, ಕೊನೆಗೆ ಧ್ವನಿಯ ಗಟ್ಟಿತನವನ್ನು ಆಳುವ ವಿಸಿಎ ಎಂಬ ದಾರಿ ಒಳಗೇ ಜೋಡಣೆಯಾಗಿದ್ದು, ಕೇಬಲ್ ಚುಚ್ಚಿದಾಗ ಮಾತ್ರ ಆಯಾ ಜಾಗದ ಒಳಜೋಡಣೆ ಕಡಿದು ಹೊಸ ಸಂಪರ್ಕ ಏರ್ಪಡುತ್ತದೆ. ಮಾಡ್ಯುಲೇಶನ್ ನಾಬ್‌ಗಳ, ಅಂದರೆ ನಾದ ತಾನಾಗಿ ಬದಲಾಗುವಂತೆ ಮಾಡುವ ನಾಬ್‌ಗಳ, ಹೆಸರುಗಳನ್ನೇ ಗಮನಿಸಿ: ಒಂದರ ಮೇಲೆ 'ಇಜಿ1/ಎಕ್ಸ್‌ಟರ್ನಲ್' ಎಂದಿದೆ, ಇನ್ನೊಂದರ ಮೇಲೆ 'ಎಂಜಿ/ಟೋಟಲ್ ಎಕ್ಸ್‌ಟರ್ನಲ್' ಎಂದಿದೆ. ಇಜಿ ಎಂದರೆ ಪ್ರತಿ ಸ್ವರದ ಏರಿಳಿತವನ್ನು ರೂಪಿಸುವ ಎನ್ವಲಪ್, ಎಂಜಿ ಎಂದರೆ ನಿಧಾನದ ಅಲೆ ಕೊಡುವ ಭಾಗ. ಓರೆಗೆರೆಯ ಎಡಕ್ಕಿರುವುದು ಮನೆಯವರು, ಬಲಕ್ಕಿರುವುದು ಕೇಬಲಿನಲ್ಲಿ ಬರುವ ಅತಿಥಿ. ಅತಿಥಿ ಬರುವ ತನಕ ಆ ನಾಬ್ ಮನೆಯವರ ವಶದಲ್ಲಿರುತ್ತದೆ. ಇಷ್ಟು ತಿಳಿದರೆ ಪ್ಯಾಚ್ ಪ್ಯಾನೆಲ್‌ನ ಅರ್ಧದಷ್ಟು ಗೊಂದಲ ಹರಿದಂತೆ.

ಈಗ ವಾದ್ಯವನ್ನು ಶೂನ್ಯಸ್ಥಿತಿಗೆ ತನ್ನಿ. ಎಂಎಸ್-20ಕ್ಕೆ ನೆನಪಿನ ಶಕ್ತಿಯಿಲ್ಲ, ನಿನ್ನೆ ಯಾರೋ ತಿರುಗಿಸಿಟ್ಟ ಸ್ಥಿತಿಯಲ್ಲೇ ಅದು ಇಂದೂ ಇರುತ್ತದೆ, ಆದ್ದರಿಂದ ಪ್ರತಿ ಸಲ ಕುಳಿತಾಗಲೂ ಈ ಕೆಲಸ ಮಾಡಬೇಕು. ಕೇಬಲ್‌ಗಳನ್ನೆಲ್ಲ ತೆಗೆಯಿರಿ. ಮೊದಲ ಆಸಿಲೇಟರಿನ ಅಲೆಯನ್ನು ಸಾಟೂತ್‌ಗೆ (ಗರಗಸದ ಹಲ್ಲಿನಾಕಾರದ ಅಲೆ), ಅದರ ಸ್ಕೇಲನ್ನು, ಅಂದರೆ ಸ್ಥಾಯಿಯನ್ನು, 8 ಅಡಿಗೆ ಇಟ್ಟು, ಮಿಕ್ಸರಿನಲ್ಲಿ ಮೊದಲ ಆಸಿಲೇಟರನ್ನು ಪೂರ್ತಿ ಏರಿಸಿ, ಎರಡನೆಯದನ್ನು ಪೂರ್ತಿ ಇಳಿಸಿ. ಹೈಪಾಸ್ ಕಟಾಫ್ 0, ಲೋಪಾಸ್ ಕಟಾಫ್ 10, ಎರಡರ ಪೀಕ್ ನಾಬ್‌ಗಳೂ 0 ಇರಲಿ. ಕಟಾಫ್ ಎಂದರೆ ಫಿಲ್ಟರ್ ತಡೆಯಲು ಶುರುಮಾಡುವ ಜಾಗ, ಪೀಕ್ ಎಂದರೆ ಆ ಜಾಗದ ಕಂಪನವನ್ನು ಎತ್ತಿ ಹಿಡಿಯುವ ನಾಬ್. ಪೋರ್ಟಮೆಂಟೊ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಮತ್ತು ಮಾಡ್ಯುಲೇಶನ್ ನಾಬ್‌ಗಳೆಲ್ಲ 0. ಎರಡನೆಯ ಎನ್ವಲಪ್‌ನಲ್ಲಿ (ಇಜಿ2) ಸಸ್ಟೇನ್, ಅಂದರೆ ಕೀಲಿ ಒತ್ತಿರುವಷ್ಟು ಹೊತ್ತಿನ ಮಟ್ಟ, ಮಾತ್ರ 10, ಉಳಿದದ್ದೆಲ್ಲ 0. ಅಲ್ಲಿರುವ ಹೋಲ್ಡ್ ನಾಬ್ ಏರಿಕೊಂಡಿದ್ದರೆ ಕೀಲಿ ಬಿಟ್ಟ ಮೇಲೂ ಸ್ವರ ನಿಲ್ಲುವುದಿಲ್ಲ. ವಾದ್ಯ ಕೆಟ್ಟಿದೆಯೆಂದು ಹೊಸಬರು ಗಾಬರಿಯಾಗುವುದು ಹೆಚ್ಚಾಗಿ ಇಲ್ಲಿಯೇ. ವಾದ್ಯ ಬೆಚ್ಚಗಾಗಿ ಶ್ರುತಿ ನಿಲ್ಲಲು ಕಾಲು ಗಂಟೆ ಬಿಡಿ. ಸ್ಪೀಕರ್ ಅಥವಾ ಹೆಡ್‌ಫೋನಿನ ಧ್ವನಿಮಟ್ಟವನ್ನು ಸಾಕಷ್ಟು ತಗ್ಗಿಸಿಡಿ, ಏಕೆಂದರೆ ಈ ವಾದ್ಯದ ಪೀಕ್ ನಾಬ್ ಮುನ್ಸೂಚನೆಯಿಲ್ಲದೆ ಕಿವಿಗೆ ಇರಿಯಬಲ್ಲದು.

ಇನ್ನೊಂದು ಸಿದ್ಧತೆಯಿದೆ, ಮತ್ತು ಇಲ್ಲಿ ನನ್ನ ಮಾತಿಗೆ ನಾನೇ ಒಂದು ವಿನಾಯಿತಿ ಕೊಡುತ್ತೇನೆ. ಕೀಲಿಮಣೆಯ ಎಡಕ್ಕಿರುವ ಚಕ್ರದ ಔಟ್‌ಪುಟ್ ಜಾಕ್‌ನಿಂದ ವಿಸಿಎ ಭಾಗದ 'ಇನಿಶಿಯಲ್ ಗೇನ್' ಜಾಕ್‌ಗೆ ಒಂದು ಕೇಬಲ್ ಹಾಕಿ. ಚಕ್ರವನ್ನು ಮೇಲಕ್ಕೆ ತಳ್ಳಿದರೆ ಕೀಲಿ ಒತ್ತದೆಯೇ ಸ್ವರ ನಿರಂತರವಾಗಿ ಹರಿಯುತ್ತದೆ, ನಡುವಿಗೆ ತಂದರೆ ನಿಲ್ಲುತ್ತದೆ. ಎರಡು ಕೈಗಳೂ ಬಿಡುವಾಗುವುದರಿಂದ ಒಂದು ಕೈ ಹೈಪಾಸ್ ಮೇಲೆ, ಇನ್ನೊಂದು ಲೋಪಾಸ್ ಮೇಲೆ ಇಟ್ಟು ಆಲಿಸಬಹುದು. ಮುಂದಿನ ಅಭ್ಯಾಸಗಳಿಗೆ ಇದು ಅನಿವಾರ್ಯ.

ಮೊದಲು ಲೋಪಾಸ್. ಸಾಟೂತ್ ಅಲೆ ಹರಿಯುತ್ತಿರುವಾಗ ಲೋಪಾಸ್ ಕಟಾಫ್ ನಾಬನ್ನು 10ರಿಂದ 0ಗೆ, ಒಂದು ನಿಮಿಷ ಹಿಡಿಯುವಷ್ಟು ನಿಧಾನವಾಗಿ, ತಿರುಗಿಸಿ. ಸ್ವರ ಮಂಕಾಗುತ್ತ ಹೋಗುತ್ತದೆ, ಅಷ್ಟೆ. ಈಗ ಪೀಕ್ ನಾಬನ್ನು 6ರ ಸುಮಾರಿಗೆ ಏರಿಸಿ ಅದನ್ನೇ ಮತ್ತೆ ಮಾಡಿ. ಈ ಸಲ ಮಂಕಾಗುವ ಹಾದಿಯಲ್ಲಿ ಒಂದೊಂದೇ ಮೆಟ್ಟಿಲು ಕೇಳಿಸುತ್ತದೆ. ಸಾಟೂತ್ ಅಲೆಯಲ್ಲಿ ಮೂಲಸ್ವರದ ಎಲ್ಲ ಗುಣಕಗಳೂ ಇವೆ; ಮೂಲ 110 ಹರ್ಟ್ಸ್ ಎಂದಿಟ್ಟುಕೊಂಡರೆ 220, 330, 440, 550 ಹೀಗೆ ಸಾಲಾಗಿ ಅನುಸ್ವರಗಳು ನಿಂತಿರುತ್ತವೆ, ಮತ್ತು ಪೀಕ್ ಏರಿದ ಫಿಲ್ಟರ್ ತಾನು ನಿಂತ ಜಾಗದ ಅನುಸ್ವರವನ್ನು ಎತ್ತಿ ಹಿಡಿಯುತ್ತದೆ. 330ರಲ್ಲಿ ಪಂಚಮ ಕೇಳಿಸುತ್ತದೆ, 550ರಲ್ಲಿ ಅಂತರ ಗಾಂಧಾರ. ಒಳ್ಳೆಯ ಜೀವಾಳ ಹೊಂದಿಸಿದ ತಂಬೂರಿಯಲ್ಲಿ, ಯಾರೂ ಮೀಟದ ಗಾಂಧಾರ ಮೂಡುವುದನ್ನು ಕೇಳಿ ಬೆಳೆದ ಕಿವಿಗೆ ಇದು ಹೊಸದಲ್ಲ. ಅಲ್ಲಿ ದಾರದ ಎಳೆ ಮಾಡುವ ಕೆಲಸವನ್ನು ಇಲ್ಲಿ ನಾಬ್ ಮಾಡುತ್ತದೆ. ಮೇಲಿಂದ ಕೆಳಕ್ಕೆ ಬರುವಾಗ ಪ್ರತಿ ಅನುಸ್ವರದ ಬಳಿಯೂ ನಿಂತು, ಅದನ್ನು ಬಾಯಲ್ಲಿ ಗುನುಗಿ, ಮುಂದೆ ಸಾಗಿ. ಈ ಒಂದು ಅಭ್ಯಾಸವನ್ನು ವಾರಗಟ್ಟಲೆ ಮಾಡಿದರೂ ನಷ್ಟವಿಲ್ಲ.

ಮುಂದಿನ ಹೆಜ್ಜೆ ಎಂಎಸ್-20ಕ್ಕೇ ವಿಶಿಷ್ಟವಾದದ್ದು. ಪೀಕ್ 8ರ ಹತ್ತಿರವಿರಲಿ, ಲೋಪಾಸ್ ಕಟಾಫ್ ನಡುವಿನಲ್ಲಿರಲಿ. ಈಗ ಫಿಲ್ಟರನ್ನು ಮುಟ್ಟದೆ, ಮಿಕ್ಸರಿನಲ್ಲಿ ಆಸಿಲೇಟರಿನ ಮಟ್ಟವನ್ನು 10ರಿಂದ 2ರವರೆಗೆ ಇಳಿಸುತ್ತ ಬನ್ನಿ. 10ರಲ್ಲಿ ಸ್ವರ ಒರಟಾಗಿ, ಗಂಟಲು ಕಟ್ಟಿದಂತೆ ಗುರುಗುಡುತ್ತದೆ. ಮಟ್ಟ ಇಳಿದಂತೆ ಫಿಲ್ಟರಿನ ಸ್ವಂತ ಶಿಳ್ಳೆ ತೆಳುವಾಗಿ, ಶುದ್ಧವಾಗಿ ಮೇಲೇಳುತ್ತದೆ. ಇದರ ಕಾರಣ ಸರ್ಕ್ಯೂಟಿನಲ್ಲಿದೆ: ಅನುನಾದವನ್ನು ಹಿಡಿತದಲ್ಲಿಡಲೆಂದು ಫಿಲ್ಟರಿನ ಫೀಡ್‌ಬ್ಯಾಕ್ ದಾರಿಯಲ್ಲಿ ಡಯೋಡುಗಳನ್ನು ಕೂರಿಸಲಾಗಿದ್ದು, ಒಳಬರುವ ಶಬ್ದ ಜೋರಾದಷ್ಟೂ ಅವು ಅಲೆಯ ತುದಿಗಳನ್ನು ಕತ್ತರಿಸುತ್ತವೆ, ಆ ಕತ್ತರಿಕೆಯೇ ನಮಗೆ ಒರಟಾಗಿ ಕೇಳಿಸುತ್ತದೆ. ಮೊದಮೊದಲಿನ ಎಂಎಸ್-20ಗಳಲ್ಲಿ 'ಕಾರ್ಗ್-35' ಎಂಬ ಪುಟ್ಟ ಬಿಡಿಭಾಗದ ಸುತ್ತ ಕಟ್ಟಿದ ಫಿಲ್ಟರ್ ಇತ್ತು, ಆಮೇಲಿನವುಗಳಲ್ಲಿ ಬೇರೆ ಬಗೆಯ ಚಿಪ್ ಬಳಸಿದರು. ಮಿನಿಯಲ್ಲಿರುವುದು ಮೊದಲಿನ ಬಗೆಯದು, ಹೆಚ್ಚು ಆಕ್ರಮಣಕಾರಿಯಾದದ್ದು. ಆದ್ದರಿಂದ ಈ ವಾದ್ಯದಲ್ಲಿ ಮಿಕ್ಸರ್ ಬರಿಯ ಗಟ್ಟಿ-ಮೆಲ್ಲಗಿನ ಸಾಧನವಲ್ಲ, ಅದು ನಾದದ ಬಣ್ಣವನ್ನೇ ಬದಲಿಸುವ ನಾಬ್. ಎರಡೂ ಆಸಿಲೇಟರ್‌ಗಳನ್ನು ಸದಾ ಪೂರ್ತಿ ಏರಿಸಿಟ್ಟುಕೊಂಡು, ಎಂಎಸ್-20 ಎಂದರೆ ಬರೀ ಕರ್ಕಶ ಎಂದು ತೀರ್ಮಾನಿಸುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಆಸಿಲೇಟರಿನ ಮಟ್ಟವನ್ನು ಪೂರ್ತಿ ಸೊನ್ನೆಗೆ ಇಳಿಸಿ, ಪೀಕ್ ನಾಬನ್ನು ಪೂರ್ತಿ ಏರಿಸಿದರೆ ಫಿಲ್ಟರ್ ಒಂಟಿಯಾಗಿಯೇ ಹಾಡುತ್ತದೆ. ಎಂಎಸ್-20ರ ಆಸಿಲೇಟರ್‌ಗಳಲ್ಲಿ ಸೈನ್ ಅಲೆ (ಅನುಸ್ವರಗಳಿಲ್ಲದ ಶುದ್ಧ ಅಲೆ) ಇಲ್ಲ. ಅದಕ್ಕೆ ಬಹಳ ಹತ್ತಿರದ ಸ್ವರ ಬೇಕೆಂದರೆ ಈ ದಾರಿಯಿಂದಲೇ ಪಡೆಯಬೇಕು. ಆದರೆ ಈ ಶಿಳ್ಳೆ ಕೀಲಿಮಣೆಯ ಮಾತು ಕೇಳುವುದಿಲ್ಲ, ಕಟಾಫ್ ನಾಬಿನ ಮಾತನ್ನಷ್ಟೇ ಕೇಳುತ್ತದೆ.

ಇಷ್ಟಾದ ಮೇಲೆ ಹೈಪಾಸನ್ನು ಸೇರಿಸಿ. ಬೇರೆ ಅನೇಕ ಸಿಂಥಸೈಜರ್‌ಗಳಲ್ಲಿ ಹೈಪಾಸ್ ಎಂಬುದು ತಳಭಾಗವನ್ನು ತುಸು ಸವರುವ ಸಾಧನ ಮಾತ್ರ; ಇಲ್ಲಿ ಅದಕ್ಕೂ ತನ್ನದೇ ಪೀಕ್ ಇದೆ, ಅದೂ ಶಿಳ್ಳೆ ಹಾಕಬಲ್ಲದು. ಎರಡು ಪೀಕ್‌ಗಳು ಎಂದರೆ ಎರಡು ಅನುನಾದಗಳು, ಮತ್ತು ನಮ್ಮ ಬಾಯಿ ಸ್ವರಾಕ್ಷರಗಳನ್ನು ಬೇರ್ಪಡಿಸುವುದೂ ಮುಖ್ಯವಾಗಿ ಎರಡು ಅನುನಾದಗಳ ಜಾಗದಿಂದಲೇ. ಗಂಡಸಿನ ಧ್ವನಿಯಲ್ಲಿ 'ಆ' ಎನ್ನುವಾಗ ಇವು ಸುಮಾರು 700 ಮತ್ತು 1100 ಹರ್ಟ್ಸ್ ಬಳಿ ಅಕ್ಕಪಕ್ಕ ಇರುತ್ತವೆ. 'ಈ' ಎನ್ನುವಾಗ ಸುಮಾರು 300 ಮತ್ತು 2300ರಷ್ಟು ದೂರ ಸರಿಯುತ್ತವೆ. 'ಊ' ಎನ್ನುವಾಗ ಎರಡೂ ಕೆಳಗಿಳಿದು 300 ಮತ್ತು 800ರ ಆಸುಪಾಸಿಗೆ ಬರುತ್ತವೆ. ಆಸಿಲೇಟರನ್ನು 16 ಅಡಿಗೆ ಇಳಿಸಿ, ಮಿಕ್ಸರ್ 5ರಲ್ಲಿಟ್ಟು, ಎರಡೂ ಪೀಕ್‌ಗಳನ್ನು 6-7ಕ್ಕೆ ಏರಿಸಿ, ಎಡಗೈಯಲ್ಲಿ ಹೈಪಾಸ್ ಕಟಾಫ್, ಬಲಗೈಯಲ್ಲಿ ಲೋಪಾಸ್ ಕಟಾಫ್ ಹಿಡಿಯಿರಿ. ನಾಬ್‌ಗಳ ಮೇಲೆ ಹರ್ಟ್ಸ್ ಗುರುತಿಲ್ಲದ ಕಾರಣ ಕಿವಿಯೇ ಅಳತೆಗೋಲು. ಮೊದಲು ಎರಡನ್ನೂ ಹತ್ತಿರ ತಂದು 'ಆ' ಹುಡುಕಿ, ಅನಂತರ ಎಡಗೈ ಕೆಳಕ್ಕೂ ಬಲಗೈ ಮೇಲಕ್ಕೂ ಸರಿಸುತ್ತ 'ಈ'ಗೆ ಹೋಗಿ, ಅಲ್ಲಿಂದ ಬಲಗೈಯನ್ನು ಮಾತ್ರ ಇಳಿಸಿ 'ಊ'ಗೆ ಬನ್ನಿ. ಮೊದಲ ಸಲ 'ಈ'ಯಿಂದ 'ಊ'ಗೆ ಜಾರಿದ ಕ್ಷಣದಲ್ಲಿ ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆಂದು ನನಗೆ ಅನಿಸಿತ್ತು; ಆ ಅನುಭವ ಇಂದಿಗೂ ಮಾಸಿಲ್ಲ. ಕನ್ನಡದ ಹ್ರಸ್ವ ಮತ್ತು ದೀರ್ಘ ಸ್ವರಗಳನ್ನು ಒಂದೊಂದಾಗಿ ಈ ಎರಡು ನಾಬ್‌ಗಳಲ್ಲಿ ಹುಡುಕುವುದು ಫಿಲ್ಟರ್ ಕಲಿಕೆಗೆ ನಾನು ಬಲ್ಲ ಅತ್ಯುತ್ತಮ ಪಾಠ.

ಇದೇ ಜಾರುವಿಕೆಯನ್ನು ಯಂತ್ರವೇ ಮಾಡುವಂತೆ ಮಾಡಲು ಈಗ ಕೇಬಲ್ ಬೇಕಾಗುತ್ತದೆ. ಸಹಜ ಜೋಡಣೆಯಲ್ಲಿ ಎರಡನೆಯ ಎನ್ವಲಪ್ಪೇ ವಿಸಿಎಯನ್ನೂ ಫಿಲ್ಟರ್‌ಗಳನ್ನೂ ಒಟ್ಟಿಗೆ ಆಳುತ್ತದೆ, ಆದ್ದರಿಂದ ಧ್ವನಿಯ ಏರಿಳಿತವೂ ಬಣ್ಣದ ಏರಿಳಿತವೂ ಬೇರೆಬೇರೆಯಾಗಲಾರವು. ಮೊದಲ ಎನ್ವಲಪ್‌ನ 'ರಿವರ್ಸ್' ಔಟ್‌ಪುಟ್‌ನಿಂದ ಲೋಪಾಸ್ ಕಟಾಫ್‌ನ ಜಾಕ್‌ಗೆ ಕೇಬಲ್ ಹಾಕಿ, ಲೋಪಾಸ್‌ನ 'ಇಜಿ2/ಎಕ್ಸ್‌ಟರ್ನಲ್' ನಾಬನ್ನು ಸ್ವಲ್ಪಸ್ವಲ್ಪವೇ ಏರಿಸಿ. ಮೊದಲ ಎನ್ವಲಪ್‌ನ ಅಟ್ಯಾಕನ್ನು 4-5ಕ್ಕೆ ತಂದು, ಕೀಲಿ ಒತ್ತಿ. ತಲೆಕೆಳಗಾದ ಎನ್ವಲಪ್ ಆದ್ದರಿಂದ ಕೀಲಿ ಒತ್ತಿದೊಡನೆ ಕಟಾಫ್ ಮೇಲಿಂದ ಕೆಳಕ್ಕೆ ಇಳಿಯತೊಡಗುತ್ತದೆ, ಎಷ್ಟು ಹೊತ್ತಿನಲ್ಲಿ ಇಳಿಯಬೇಕೆಂಬುದನ್ನು ಅಟ್ಯಾಕ್ ನಿರ್ಧರಿಸುತ್ತದೆ. ಕಟಾಫ್ ನಾಬನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಪ್ರತಿ ಸ್ವರವೂ 'ಈಯೂ' ಎಂದು ನುಡಿಯುತ್ತದೆ.

ಮೊದಲ ಎನ್ವಲಪ್‌ನಲ್ಲಿರುವ 'ಡಿಲೇ' ನಾಬ್ ಗಮಕಕ್ಕೆ ಹೇಳಿಮಾಡಿಸಿದಂತಿದೆ. ಎಂಜಿ, ಅಂದರೆ ಮಾಡ್ಯುಲೇಶನ್ ಜನರೇಟರ್, ನಿಧಾನದ ಅಲೆಯನ್ನು ಕೊಡುವ ಭಾಗ. ಸಹಜ ಜೋಡಣೆಯಲ್ಲಿ ಅದನ್ನು ಶ್ರುತಿಗೆ ಹಾಯಿಸಿದರೆ ಸ್ವರ ಹುಟ್ಟಿದ ಗಳಿಗೆಯಿಂದಲೇ ನಡುಗುತ್ತದೆ, ಅದು ಕೃತಕವಾಗಿ ಕೇಳಿಸುತ್ತದೆ. ಎಂಜಿಯ ತ್ರಿಕೋನ ಅಲೆಯ ಔಟ್‌ಪುಟ್‌ನಿಂದ ಆ ಅಲೆಯ ಮಟ್ಟವನ್ನು ಆಳುವ 'ಮಾಡ್ಯುಲೇಶನ್ ವಿಸಿಎ'ಯ ಸಿಗ್ನಲ್ ಜಾಕ್‌ಗೆ ಒಂದು ಕೇಬಲ್, ಮೊದಲ ಎನ್ವಲಪ್‌ನ 'ನಾರ್ಮಲ್' ಔಟ್‌ಪುಟ್‌ನಿಂದ ಅದರ ಕಂಟ್ರೋಲ್ ಜಾಕ್‌ಗೆ ಇನ್ನೊಂದು, ಅದರ ಔಟ್‌ಪುಟ್‌ನಿಂದ 'ಟೋಟಲ್' ಜಾಕ್‌ಗೆ ಮೂರನೆಯದು. ಡಿಲೇ ಮತ್ತು ಅಟ್ಯಾಕ್‌ಗಳನ್ನು ಮಧ್ಯಮವಾಗಿಟ್ಟು, ಫ್ರೀಕ್ವೆನ್ಸಿ ಮಾಡ್ಯುಲೇಶನ್‌ನ ಎಂಜಿ ನಾಬನ್ನು ಒಂದರ ಆಸುಪಾಸಿಗಷ್ಟೇ ಏರಿಸಿ. ಸ್ವರ ಮೊದಲು ನೆಟ್ಟಗೆ ನಿಲ್ಲುತ್ತದೆ, ಆಮೇಲೆ ಮೆಲ್ಲನೆ ಕಂಪಿಸತೊಡಗುತ್ತದೆ. 'ಟೋಟಲ್' ಜಾಕ್‌ಗೆ ಬಂದ ಅತಿಥಿ ಎಂಜಿಯ ಮೂರೂ ನಾಬ್‌ಗಳನ್ನು, ಅಂದರೆ ಶ್ರುತಿಯದ್ದು ಮತ್ತು ಎರಡು ಫಿಲ್ಟರ್‌ಗಳದ್ದು, ಒಟ್ಟಿಗೆ ವಶಪಡಿಸಿಕೊಳ್ಳುತ್ತದೆ ಎಂಬುದನ್ನು ನೆನಪಿನಲ್ಲಿಡಿ.

ಎರಡನೆಯ ಆಸಿಲೇಟರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡನ್ನೂ ಸಾಟೂತ್‌ನಲ್ಲಿಟ್ಟು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿದರೆ ನಾದ ದಪ್ಪವಾಗುತ್ತದೆ, ಇದು ಎಲ್ಲ ಸಿಂಥಸೈಜರ್‌ಗಳಲ್ಲೂ ಆಗುವಂಥದ್ದು. ವಿಶೇಷವಿರುವುದು ಅದರ ನಾಲ್ಕನೆಯ ಸ್ಥಾನವಾದ ರಿಂಗ್ ಮಾಡ್ಯುಲೇಶನ್‌ನಲ್ಲಿ. ಇಲ್ಲಿ ಎರಡು ಆಸಿಲೇಟರ್‌ಗಳು ಗುಣಾಕಾರವಾಗಿ, ಅವುಗಳ ಮೊತ್ತ ಮತ್ತು ವ್ಯತ್ಯಾಸದ ಸ್ವರಗಳು ಹುಟ್ಟುತ್ತವೆ: 200 ಮತ್ತು 310 ಹರ್ಟ್ಸ್ ಸೇರಿದರೆ 510 ಮತ್ತು 110. ಮಿಕ್ಸರಿನಲ್ಲಿ ಮೊದಲ ಆಸಿಲೇಟರನ್ನು ಪೂರ್ತಿ ಇಳಿಸಿ, ಎರಡನೆಯದರ ಪಿಚ್ ನಾಬನ್ನು ನಿಧಾನವಾಗಿ ತಿರುಗಿಸಿ. ಹೆಚ್ಚಿನ ಜಾಗಗಳಲ್ಲಿ ಜಾಗಟೆ, ತಾಳ, ಕಂಚಿನ ಪಾತ್ರೆಯ ಒಡಕು ಧ್ವನಿ ಬರುತ್ತದೆ. ಸರಳ ಅನುಪಾತ ಸಿಕ್ಕಿದ ಕೆಲವೇ ಜಾಗಗಳಲ್ಲಿ ಥಟ್ಟನೆ ಸ್ವರ ತಿಳಿಯಾಗುತ್ತದೆ. ಎರಡನೆಯ ಎನ್ವಲಪ್‌ನ ಸಸ್ಟೇನ್ 0, ಡಿಕೇ ಮತ್ತು ರಿಲೀಸ್ (ಸ್ವರ ಇಳಿಯುವ ಹೊತ್ತುಗಳು) 6 ಇಟ್ಟು ನುಡಿಸಿದರೆ ಗಂಟೆಯ ನಾದಕ್ಕೆ ಸಾಕಷ್ಟು ಹತ್ತಿರ ಬರಬಹುದು.

ಗೊತ್ತುಗುರಿಯಿಲ್ಲದ ಚಲನೆ ಬೇಕೆಂದಾಗ ಸ್ಯಾಂಪಲ್ ಅಂಡ್ ಹೋಲ್ಡ್ ಭಾಗಕ್ಕೆ ಹೋಗಿ. ಪಿಂಕ್ ನಾಯ್ಸ್ (ಶ್ರುತಿಯಿಲ್ಲದ ಒಂದು ಬಗೆಯ ಸದ್ದು) ಜಾಕ್‌ನಿಂದ 'ಸ್ಯಾಂಪಲ್' ಜಾಕ್‌ಗೆ, ಎಂಜಿಯ ಚೌಕ ಅಲೆಯಿಂದ 'ಕ್ಲಾಕ್' ಜಾಕ್‌ಗೆ, ಔಟ್‌ಪುಟ್‌ನಿಂದ ಲೋಪಾಸ್ ಕಟಾಫ್ ಜಾಕ್‌ಗೆ ಕೇಬಲ್ ಹಾಕಿ. ಎಂಜಿ ಒಂದೊಂದು ಸಲ ತಟ್ಟಿದಾಗಲೂ ನಾಯ್ಸ್‌ನಲ್ಲಿ ಆ ಕ್ಷಣ ಇದ್ದ ವೋಲ್ಟೇಜನ್ನು ಈ ಭಾಗ ಹಿಡಿದಿಟ್ಟು ಫಿಲ್ಟರಿಗೆ ಕೊಡುತ್ತದೆ. ಈಗ ಆಸಿಲೇಟರನ್ನು ಇಳಿಸಿ, ಬಿಳಿ ನಾಯ್ಸನ್ನು 'ಎಕ್ಸ್‌ಟರ್ನಲ್ ಸಿಗ್ನಲ್' ಜಾಕ್‌ಗೆ ಹಾಯಿಸಿ, ಎಂಜಿಯನ್ನು ವೇಗ ಮಾಡಿ, ಎರಡೂ ಪೀಕ್‌ಗಳನ್ನು ಏರಿಸಿದರೆ, ತಗಡಿನ ಮಾಡಿನ ಮೇಲೆ ಮಳೆಯ ಮೊದಲ ದಪ್ಪ ಹನಿಗಳು ಬಿದ್ದಂಥ ಶಬ್ದ ಸಿಗುತ್ತದೆ.

ಕೊನೆಗೆ ಉಳಿದದ್ದು ಬಲಬದಿಯ ಕೆಳಭಾಗದ ಎಕ್ಸ್‌ಟರ್ನಲ್ ಸಿಗ್ನಲ್ ಪ್ರೊಸೆಸರ್, ನನ್ನ ದೃಷ್ಟಿಯಲ್ಲಿ ಈ ವಾದ್ಯದ ಅತ್ಯಂತ ಉದಾರವಾದ ಅಂಗ. ಹೊರಗಿನ ವಾದ್ಯವನ್ನೋ ಧ್ವನಿಯನ್ನೋ ಒಳಗೆ ಕೊಟ್ಟರೆ ಅದು ಅದರ ಶ್ರುತಿಯನ್ನು ವೋಲ್ಟೇಜ್ ಆಗಿ, ಗಟ್ಟಿತನವನ್ನು ಎನ್ವಲಪ್ ಆಗಿ, ಪ್ರತಿ ಆಘಾತವನ್ನು ಟ್ರಿಗರ್ (ಸ್ವರ ಶುರುಮಾಡುವ ಸಂಕೇತ) ಆಗಿ ಬೇರ್ಪಡಿಸಿ ಮೂರು ಜಾಕ್‌ಗಳಲ್ಲಿ ಕೊಡುತ್ತದೆ. ಶ್ರುತಿಯ ಔಟ್‌ಪುಟನ್ನು ಎರಡೂ ವಿಸಿಒಗಳ, ಅಂದರೆ ಆಸಿಲೇಟರ್‌ಗಳ, ಸಿವಿ (ನಿಯಂತ್ರಣ ವೋಲ್ಟೇಜ್) ಜಾಕ್‌ಗೆ, ಟ್ರಿಗರನ್ನು ಎರಡೂ ಎನ್ವಲಪ್‌ಗಳ ಟ್ರಿಗರ್ ಜಾಕ್‌ಗೆ ಸೇರಿಸಿ. ಮೈಕಿನ ಮಟ್ಟವನ್ನು ಪೀಕ್ ದೀಪ ಆಗಾಗ ಮಾತ್ರ ಮಿನುಗುವಷ್ಟಕ್ಕೆ ಏರಿಸಿ. ಅನಂತರ ಲೋ ಕಟ್ ಮತ್ತು ಹೈ ಕಟ್ ನಾಬ್‌ಗಳಿಂದ ಎರಡು ಕಡೆಯಿಂದಲೂ ಒತ್ತುತ್ತ, ಮೂಲಸ್ವರ ಮಾತ್ರ ಉಳಿಯುವಂತೆ ಮಾಡಿ. ಅನುಸ್ವರಗಳು ಉಳಿದರೆ ಯಂತ್ರ ಗೊಂದಲಗೊಂಡು ಸ್ಥಾಯಿ ಹಾರುತ್ತದೆ. ಸಿವಿ ಅಡ್ಜಸ್ಟ್ ನಾಬಿನಿಂದ ಶ್ರುತಿ ಹೊಂದಿಸಿ, ಥ್ರೆಶೋಲ್ಡ್‌ನಿಂದ ಎಷ್ಟು ಮೆಲ್ಲಗಿನ ಶಬ್ದಕ್ಕೆ ಟ್ರಿಗರ್ ಆಗಬೇಕೆಂದು ನಿರ್ಧರಿಸಿ.

ಯಾವ ವಾದ್ಯ ಇದಕ್ಕೆ ಒಗ್ಗುತ್ತದೆ ಎಂಬುದನ್ನು ತಿಳಿಯಲು ಒಂದು ಸಂಜೆ ಕೊಳಲು ಮತ್ತು ವೀಣೆ ನುಡಿಸುವ ಗೆಳೆಯರಿಬ್ಬರನ್ನು ಕೂರಿಸಿಕೊಂಡಿದ್ದೆ. ಕೊಳಲಿನ ನಾದದಲ್ಲಿ ಮೂಲಸ್ವರ ಪ್ರಬಲವಾದ್ದರಿಂದ ಸಿಂಥಸೈಜರ್ ಅದನ್ನು ನೆರಳಿನಂತೆ ಹಿಂಬಾಲಿಸಿತು, ಜಾರುಗಳನ್ನೂ ಬಿಡಲಿಲ್ಲ. ವೀಣೆಯಲ್ಲಿ ಒಂದೇ ತಂತಿ ಮೀಟಿದಾಗ ಚೆನ್ನಾಗಿ ನಡೆದದ್ದು, ತಾಳದ ತಂತಿಗಳನ್ನು ಮುಟ್ಟಿದೊಡನೆ ದಿಕ್ಕು ತಪ್ಪಿತು. ಎರಡು ಸ್ವರ ಒಟ್ಟಿಗೆ ಬಂದರೆ ಯಾವುದನ್ನು ಹಿಡಿಯಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಖಂಜಿರ ಅಥವಾ ಕೊನ್ನಕ್ಕೋಲಿನಂಥದ್ದಕ್ಕೆ ಶ್ರುತಿಯ ಕೇಬಲನ್ನು ತೆಗೆದು ಟ್ರಿಗರ್ ಮಾತ್ರ ಇಟ್ಟುಕೊಳ್ಳುವುದು ಲೇಸು. ಆಗ 'ತಕಧಿಮಿ'ಯ ಒಂದೊಂದು ಅಕ್ಷರಕ್ಕೂ ಫಿಲ್ಟರ್ ತೆರೆದುಕೊಳ್ಳುತ್ತದೆ.

ಬೇರೆ ಕಂಪನಿಗಳ ಯಂತ್ರಗಳನ್ನು ಜೋಡಿಸುವ ಆಸೆಯಿರುವವರಿಗೆ ಒಂದು ಎಚ್ಚರಿಕೆ. ಇಂದಿನ ಹೆಚ್ಚಿನ ಮಾಡ್ಯುಲರ್ ಸಾಧನಗಳಲ್ಲಿ ಒಂದು ಸ್ಥಾಯಿ ಏರಲು 1 ವೋಲ್ಟ್ ಸೇರಿಸಬೇಕು. ಎಂಎಸ್-20ರಲ್ಲಿ ವೋಲ್ಟೇಜನ್ನೇ ಇಮ್ಮಡಿಸಬೇಕು, ಅಂದರೆ 1, 2, 4 ವೋಲ್ಟ್ ಹೀಗೆ. ಟ್ರಿಗರ್ ಕೂಡ ವೋಲ್ಟೇಜ್ ಏರಿದಾಗಲ್ಲ, ನೆಲಕ್ಕೆ ಇಳಿದಾಗ ಕೆಲಸ ಮಾಡುತ್ತದೆ. ನೇರವಾಗಿ ಜೋಡಿಸಿದರೆ ಸ್ವರಸ್ಥಾನಗಳು ತಪ್ಪುತ್ತವೆ. ಎರಡೂ ಪದ್ಧತಿಗಳನ್ನು ಬಲ್ಲ ಎಸ್‌ಕ್ಯೂ-1ರಂಥ ಸೀಕ್ವೆನ್ಸರ್ (ಸ್ವರಸಾಲನ್ನು ತಾನೇ ನುಡಿಸುವ ಯಂತ್ರ) ಅಥವಾ ಪರಿವರ್ತಕ ಬೇಕಾಗುತ್ತದೆ.

ಮೇಲಿನದೆಲ್ಲ ಕೈಗೆ ಒಗ್ಗಿದ ಮೇಲೆ ಒಂದು ಪ್ಯಾಚ್ ಮಾಡಿ ನೋಡಿ. ಹೆಡ್‌ಫೋನ್ ಔಟ್‌ಪುಟ್‌ನಿಂದ ಪ್ರೊಸೆಸರಿನ ಸಿಗ್ನಲ್ ಇನ್‌ಪುಟ್‌ಗೆ ಒಂದು ಕೇಬಲ್, ಅದರ ಆಂಪ್ ಔಟ್‌ನಿಂದ ಎಕ್ಸ್‌ಟರ್ನಲ್ ಸಿಗ್ನಲ್ ಜಾಕ್‌ಗೆ ಇನ್ನೊಂದು. ಹೀಗೆ ವಾದ್ಯ ತನ್ನ ಧ್ವನಿಯನ್ನು ತಾನೇ ಮತ್ತೆ ನುಂಗುತ್ತದೆ. ಸ್ಪೀಕರನ್ನು ಪೂರ್ತಿ ತಗ್ಗಿಸಿ, ಪ್ರೊಸೆಸರಿನ ಸಿಗ್ನಲ್ ಲೆವೆಲ್ ನಾಬನ್ನು ಸೊನ್ನೆಯಿಂದ ಕೂದಲೆಳೆಯಷ್ಟು ಏರಿಸುತ್ತ ಹೋಗಿ. ಸ್ವರ ಮೊದಲು ತುಸು ಕೆಂಪಾದಂತೆ ಬಿಸಿಯಾಗುತ್ತದೆ, ಆಮೇಲೆ ಅಂಚುಗಳು ಹರಿಯತೊಡಗುತ್ತವೆ, ಒಂದು ಹಂತದಲ್ಲಿ ಕೀಲಿಯ ಶ್ರುತಿಯನ್ನು ಬಿಟ್ಟು ತನ್ನದೇ ಸ್ವರ ಹಿಡಿದು ಕೂಗುತ್ತದೆ. ಆ ಹಂತಕ್ಕಿಂತ ಕೊಂಚ ಹಿಂದೆ ನಿಲ್ಲಿಸಿ, ಹೈಪಾಸ್ ಕಟಾಫನ್ನು ಸ್ವಲ್ಪ ತಿರುಗಿಸಿ. ಅಲ್ಲಿ ಸಿಗುವ ನಾದವನ್ನು ನಾಳೆ ಮತ್ತೆ ಬೇಕೆನಿಸುವುದು ಖಂಡಿತ, ಆದ್ದರಿಂದ ಒಂದೇ ಒಂದು ನಾಬನ್ನೂ ಮುಟ್ಟುವ ಮೊದಲು ಇಡೀ ಪ್ಯಾನೆಲ್‌ನ ಫೋಟೊ ತೆಗೆದಿಟ್ಟುಕೊಳ್ಳಿ.